ಹೈಟಿ: ಅಮೆರಿಕದ ಸೇನೆ ಹೋದಮೇಲೂ ಸರ್ಕಾರಗಳು ಉರುಳಿದ್ದು ಯಾಕೆ?

ಓದುಗರ ಪ್ರಶ್ನೆ: ಕೆರಿಬಿಯನ್ ದೇಶ ಹೈಟಿಯನ್ನು ಅಮೆರಿಕ 19 ವರ್ಷ ಕೈಯಲ್ಲಿಟ್ಟುಕೊಂಡು 1934ರಲ್ಲಿ ಬಿಟ್ಟುಹೋಯಿತು ಅಂತ ಓದಿದೆ. ಅವರು ಬರುವ ಮೊದಲೂ ಅಲ್ಲಿ ಅಧ್ಯಕ್ಷರು ಉರುಳುತ್ತಿದ್ದರು, ಹೋದಮೇಲೂ ಉರುಳಿದರು, ಕೊನೆಗೆ ಡುವಾಲಿಯೆಯ ಸರ್ವಾಧಿಕಾರ ಬಂತು. ಹಾಗಾದರೆ ಆ 19 ವರ್ಷದಲ್ಲಿ ಬದಲಾಗಿದ್ದಾದರೂ ಏನು? ರಸ್ತೆ, ಆಸ್ಪತ್ರೆ ಕಟ್ಟಿದ್ದು ಒಳ್ಳೆಯದೇ ಅಲ್ವಾ? ಡುವಾಲಿಯೆಗೂ ಅಮೆರಿಕಕ್ಕೂ ಏನಾದರೂ ನಂಟಿತ್ತಾ?

ಉತ್ತರ: ಅಧ್ಯಕ್ಷರು ಉರುಳುವುದು ಮೊದಲೂ ಇತ್ತು, ಆಮೇಲೂ ಇತ್ತು, ನಿಜ. ಆದರೆ ಯಾರು ಉರುಳಿಸುತ್ತಿದ್ದರು, ಎಲ್ಲಿಂದ ಬಂದು ಉರುಳಿಸುತ್ತಿದ್ದರು ಎನ್ನುವುದು ಪೂರ್ತಿ ಬದಲಾಯಿತು. 1915ಕ್ಕೆ ಮೊದಲು ಸರ್ಕಾರ ಬೀಳಿಸುವವರು ಹಳ್ಳಿಗಾಡಿನಿಂದ ಬರುತ್ತಿದ್ದರು. 1934ರ ನಂತರ ಅದು ರಾಜಧಾನಿಯ ಬ್ಯಾರಕ್ಕಿನಲ್ಲಿ ಕೂತ ಕೆಲವೇ ಅಧಿಕಾರಿಗಳ ಕೆಲಸವಾಯಿತು. ನಿಮ್ಮ ಉಳಿದೆರಡು ಪ್ರಶ್ನೆಗೂ ಉತ್ತರ ಇಲ್ಲಿಂದಲೇ ಸಿಗುತ್ತದೆ.

ಹಳೆಯ ಪದ್ಧತಿ ಹೇಗಿತ್ತು ನೋಡಿ. ಹೈಟಿಯ ಸರ್ಕಾರಕ್ಕೆ ಹಣ ಬರುತ್ತಿದ್ದದ್ದು ಮುಖ್ಯವಾಗಿ ಬಂದರುಗಳ ಸುಂಕದಿಂದ, ಅದರಲ್ಲೂ ಕಾಫಿ ರಫ್ತಿನಿಂದ. ಕಾಪ್-ಹೈಟಿಯನ್, ಗೊನಾಯಿವ್, ಜಾಕ್ಮೆಲ್, ಲೆ ಕೇ, ಜೆರೆಮಿ, ಹೀಗೆ ಒಂದೊಂದು ಬಂದರಿಗೂ ಅದರದೇ ವ್ಯಾಪಾರಿಗಳು, ಅದರದೇ ಜನರಲ್‌ಗಳು. ಉತ್ತರದ ಗುಡ್ಡಗಾಡಿನಲ್ಲಿ ಕಾಕೊ ಎಂದು ಕರೆಯುವ ಬಂದೂಕುಧಾರಿ ರೈತರಿದ್ದರು. ಅಧ್ಯಕ್ಷನಾಗಬೇಕು ಎಂದುಕೊಂಡ ಜನರಲ್ ಒಬ್ಬ ವ್ಯಾಪಾರಿಗಳಿಂದ, ಎಷ್ಟೋ ಸಲ ಜರ್ಮನ್ ವ್ಯಾಪಾರಿಗಳಿಂದ, ಸಾಲ ಎತ್ತುತ್ತಿದ್ದ. ಕಾಕೊಗಳನ್ನು ಕೂಡಿಸಿ, ಉತ್ತರದ ಬಂದರು ಹಿಡಿದು, ರಾಜಧಾನಿ ಪೋರ್ಟ್-ಔ-ಪ್ರಿನ್ಸ್ ಕಡೆ ನಡೆಯುತ್ತಿದ್ದ. ಸುದ್ದಿ ತಿಳಿದ ಅಧ್ಯಕ್ಷ ಕೈಗೆ ಸಿಕ್ಕಿದ್ದು ತಗೊಂಡು ಹಡಗು ಹತ್ತುತ್ತಿದ್ದ. ಹೊಸಬ ಸುಂಕದ ಹಣದಲ್ಲಿ ಸಾಲ ತೀರಿಸುತ್ತಿದ್ದ. 1911ರ ಆಗಸ್ಟ್‌ನಿಂದ 1915ರ ಜುಲೈವರೆಗಿನ ನಾಲ್ಕು ವರ್ಷದಲ್ಲಿ ಆರು ಜನ ಅಧ್ಯಕ್ಷರಾದರು. ಅದರಲ್ಲಿ ಒಬ್ಬ, ಸಿನ್ಸಿನಾಟಸ್ ಲೆಕೊಂಟ್, ಅರಮನೆಯೇ ಸ್ಫೋಟವಾಗಿ ಸತ್ತ.

ಇದು ಒಳ್ಳೆಯ ಪದ್ಧತಿ ಅಂತ ನಾನು ಹೇಳುತ್ತಿಲ್ಲ. ಬಡ ರೈತನ ಬೆವರೇ ಸಾಲ ಕೊಟ್ಟವರ ಪಾಲಾಗುತ್ತಿತ್ತು. ಆದರೂ ಇದರಲ್ಲಿ ಒಂದು ಲೆಕ್ಕ ಇತ್ತು. ಹಳ್ಳಿಗಳಲ್ಲಿ ಬಂದೂಕು ಇದ್ದವು. ಊರೂರಲ್ಲಿ ಅಧಿಕಾರ ಹಂಚಿಹೋಗಿತ್ತು. ರಾಜಧಾನಿಯಲ್ಲಿ ಕೂತವನು ಉತ್ತರವನ್ನೋ ದಕ್ಷಿಣವನ್ನೋ ಪೂರ್ತಿ ಮರೆತು ಬಹಳ ದಿನ ಬಾಳಲು ಆಗುತ್ತಿರಲಿಲ್ಲ.

ಅಮೆರಿಕ ಬಂದದ್ದು ಇದನ್ನು ಸರಿಮಾಡಲು ಅಂತ ಅವರು ಹೇಳಿಕೊಂಡರು. ಹಣದ ಕತೆ ಬೇರೆಯೇ ಇದೆ. ಹೈಟಿ 1804ರಲ್ಲಿ ಸ್ವತಂತ್ರವಾಯಿತು, ಎರಡು ದಶಕ ಕಳೆಯುತ್ತಲೇ ಸಾಲ ಅದರ ಬೆನ್ನು ಹತ್ತಿತು. 1825ರಲ್ಲಿ ಫ್ರಾನ್ಸ್ ಯುದ್ಧದ ಹಡಗುಗಳನ್ನು ತಂದು ನಿಲ್ಲಿಸಿ, ಕಳೆದುಕೊಂಡ ತೋಟ ಮತ್ತು ಗುಲಾಮರಿಗೆ ಪರಿಹಾರವಾಗಿ 15 ಕೋಟಿ ಫ್ರಾಂಕ್ ಕೇಳಿತು. 1838ರಲ್ಲಿ ಅದನ್ನು 9 ಕೋಟಿಗೆ ಇಳಿಸಿದರು. ಬಿಡುಗಡೆಯಾದ ಗುಲಾಮರೇ ತಮ್ಮ ಬೆಲೆಯನ್ನು ಮಾಲೀಕರಿಗೆ ಕಟ್ಟಿಕೊಡಬೇಕಾದ ಸ್ಥಿತಿ! ಅದನ್ನು ಕಟ್ಟಲು ಸಾಲ, ಆ ಸಾಲ ತೀರಿಸಲು ಇನ್ನೊಂದು ಸಾಲ. 1910ರ ಸುಮಾರಿಗೆ ನ್ಯೂಯಾರ್ಕಿನ ನ್ಯಾಷನಲ್ ಸಿಟಿ ಬ್ಯಾಂಕ್ ಹೈಟಿಯ ರಾಷ್ಟ್ರೀಯ ಬ್ಯಾಂಕಿನೊಳಗೆ ಕಾಲಿಟ್ಟಿತ್ತು. 1914ರ ಡಿಸೆಂಬರ್‌ನಲ್ಲಿ ಅಮೆರಿಕದ ಮರೀನ್ ಸೈನಿಕರು ಹಾಡಹಗಲೇ ಪೋರ್ಟ್-ಔ-ಪ್ರಿನ್ಸ್‌ನ ಬ್ಯಾಂಕಿನಿಂದ 5 ಲಕ್ಷ ಡಾಲರ್ ಬೆಲೆಯ ಚಿನ್ನವನ್ನು ಹಡಗಿಗೆ ಸಾಗಿಸಿ ನ್ಯೂಯಾರ್ಕಿಗೆ ಒಯ್ದರು. ಆಕ್ರಮಣಕ್ಕೆ ಇನ್ನೂ ಏಳು ತಿಂಗಳು ಇರುವಾಗಲೇ!

ನೆಪ ಸಿಕ್ಕಿದ್ದು 1915ರ ಜುಲೈ 27ರಂದು. ಅಧ್ಯಕ್ಷ ವಿಲ್‌ಬ್ರನ್ ಗಿಯೋಮ್ ಸಾಮ್ ಅಧಿಕಾರದಲ್ಲಿದ್ದಾಗ ರಾಜಧಾನಿಯ ಜೈಲಿನಲ್ಲಿದ್ದ 160ಕ್ಕೂ ಹೆಚ್ಚು ರಾಜಕೀಯ ಕೈದಿಗಳನ್ನು ಕೊಂದರು. ಮರುದಿನ ಸಿಟ್ಟಿಗೆದ್ದ ಜನ, ಫ್ರೆಂಚ್ ರಾಯಭಾರ ಕಚೇರಿಯಲ್ಲಿ ಅಡಗಿದ್ದ ಅವನನ್ನು ಎಳೆತಂದು ಬೀದಿಯಲ್ಲೇ ಮುಗಿಸಿದರು. ಅದೇ ದಿನ ಅಡ್ಮಿರಲ್ ವಿಲಿಯಂ ಕೇಪರ್ಟನ್‌ನ ಸೈನಿಕರು ದಡಕ್ಕಿಳಿದರು. ಮುಂದಿನ ಅಧ್ಯಕ್ಷನಾಗಿ ದಾರ್ತಿಗ್ನಾವ್‌ನನ್ನು ಹೈಟಿಯ ಸಂಸತ್ತೇ ಆರಿಸಿತು, ಆದರೆ ಅಮೆರಿಕನ್ನರ ಒಪ್ಪಿಗೆ ಪಡೆದ ಮೇಲೆ. ಒಪ್ಪಂದದ ಪ್ರಕಾರ ಸುಂಕದ ಕಟ್ಟೆಗಳು, ಖಜಾನೆ, ಪೊಲೀಸು, ಎಲ್ಲ ಅವರ ಕೈಗೆ ಹೋದವು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಗತಿ ಇಡೀ ದೇಶಕ್ಕೇ ಬಂತು.

1918ರಲ್ಲಿ ಹೊಸ ಸಂವಿಧಾನ ತಂದರು. ವಿದೇಶಿಯರು ಹೈಟಿಯಲ್ಲಿ ಭೂಮಿ ಕೊಳ್ಳುವಂತಿಲ್ಲ ಎಂಬ ನಿಯಮ ಸ್ವಾತಂತ್ರ್ಯದ ಕಾಲದಿಂದ ಇತ್ತು. ಅದನ್ನು ತೆಗೆದುಹಾಕಿದರು. ಸಂಸತ್ತು ಇದಕ್ಕೆ ಒಪ್ಪುವುದಿಲ್ಲ ಅಂತ ಗೊತ್ತಾದಾಗ 1917ರಲ್ಲೇ ಸಂಸತ್ತನ್ನು ವಿಸರ್ಜಿಸಲಾಗಿತ್ತು. ಆಮೇಲೆ ಬಂದೂಕು ಹಿಡಿದವರ ಕಾವಲಿನಲ್ಲಿ ಜನಮತ ತೆಗೆದುಕೊಂಡರು. ವಿರುದ್ಧ ಬಿದ್ದ ಮತ ಸಾವಿರವೂ ಇರಲಿಲ್ಲ. ಆಗ ನೌಕಾಪಡೆಯ ಸಹಾಯಕ ಕಾರ್ಯದರ್ಶಿಯಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್, 1920ರ ಚುನಾವಣಾ ಭಾಷಣದಲ್ಲಿ ಹೈಟಿಯ ಸಂವಿಧಾನ ಬರೆದವನು ನಾನೇ ಅಂತ ಜಂಬ ಕೊಚ್ಚಿಕೊಂಡ.

ಈಗ ರಸ್ತೆಯ ವಿಷಯಕ್ಕೆ ಬರೋಣ. ಸಾವಿರ ಮೈಲಿಯಷ್ಟು ರಸ್ತೆ ಓಡಾಟಕ್ಕೆ ಬಂತು, ಸೇತುವೆ, ಆಸ್ಪತ್ರೆ ಆದವು, ರಾಜಧಾನಿಗೆ ಡಯಲ್ ಮಾಡುವ ಟೆಲಿಫೋನ್ ಬಂತು. ಇದೆಲ್ಲ ನಿಜ. ಆದರೆ ರಸ್ತೆ ಹೇಗೆ ಆಯಿತು? 1864ರ ಒಂದು ಹಳೇ ಕಾನೂನು ಹುಡುಕಿ ತೆಗೆದು, ರೈತರಿಂದ ಬಿಟ್ಟಿ ಚಾಕರಿ ಮಾಡಿಸಿದರು. ಆ ಕಾನೂನಿನಲ್ಲಿ ತಮ್ಮ ಊರಿನ ರಸ್ತೆಗೆ ಕೆಲವು ದಿನ ದುಡಿಯಿರಿ ಅಂತಿತ್ತು. ಇವರು ಹಗ್ಗ ಕಟ್ಟಿ ದೂರದೂರಕ್ಕೆ ಎಳೆದೊಯ್ದರು, ಓಡಿದವರಿಗೆ ಗುಂಡು ಹೊಡೆದರು. ಗುಲಾಮಗಿರಿ ವಿರುದ್ಧ ಎದ್ದು ಸ್ವತಂತ್ರವಾದ ಜನರಿಗೆ ಇದು ಹೇಗೆ ಕಂಡಿರಬೇಕು ನೀವೇ ಊಹಿಸಿ. 1918ರಲ್ಲಿ ದಂಗೆ ಭುಗಿಲೆದ್ದಿತು.

ಅದರ ನಾಯಕ ಶಾರ್ಲಮಾನ್ ಪೆರಾಲ್ಟ್. ಹಿಂಶ್ ಊರಿನವನು, ಹಳೇ ಸೇನೆಯ ಅಧಿಕಾರಿ. ಅವನಿಗೂ ಬೀದಿ ಗುಡಿಸುವ ಶಿಕ್ಷೆ ಕೊಟ್ಟಿದ್ದರು. 1919ರ ಅಕ್ಟೋಬರ್ ಕೊನೆಯ ರಾತ್ರಿ ಹರ್ಮನ್ ಹ್ಯಾನೆಕೆನ್ ಎಂಬ ಮರೀನ್ ಮೈಗೆ ಕಪ್ಪು ಬಳಿದುಕೊಂಡು, ಹೈಟಿಯವರ ವೇಷದಲ್ಲಿ ಬೀಡಿನೊಳಗೆ ನುಗ್ಗಿ ಅವನನ್ನು ಕೊಂದ. ಶವವನ್ನು ಒಂದು ಬಾಗಿಲಿನ ಹಲಗೆಗೆ ಕಟ್ಟಿ ನಿಲ್ಲಿಸಿ ಫೋಟೊ ತೆಗೆದರು. ಜನ ಹೆದರಲಿ ಎಂದು ಅದರ ಪ್ರತಿಗಳನ್ನು ಹಂಚಿದರು. ಆ ಫೋಟೊ ನೋಡಿದರೆ ನಿಮಗೂ ಅನ್ನಿಸುತ್ತದೆ: ಸೊಂಟಕ್ಕೆ ಸುತ್ತಿದ ಬಟ್ಟೆ, ಬಾಗಿದ ತಲೆ, ಹಿಂದೆ ಧ್ವಜ. ನೇರ ಶಿಲುಬೆಯ ಮೇಲಿನ ಏಸುವಿನ ಚಿತ್ರ. ಕ್ಯಾಥೊಲಿಕ್ ದೇಶದಲ್ಲಿ ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೇನಿದೆ? ಹೆದರಿಸಲು ಹಂಚಿದ ಚಿತ್ರ ಹುತಾತ್ಮನನ್ನು ಸೃಷ್ಟಿಸಿತು. ದಂಗೆ ಮಾತ್ರ 1920ರಲ್ಲಿ ಮುಗಿಯಿತು. ಸತ್ತ ರೈತರು ಸಾವಿರಾರು.

ನಿಮ್ಮ ಪ್ರಶ್ನೆಗೆ ತೀರಾ ಮುಖ್ಯವಾದದ್ದು ಇದರ ನಂತರದ ಸ್ಥಿತಿ. ಹಳ್ಳಿಗಳಿಂದ ಬಂದೂಕು ಕಿತ್ತುಕೊಂಡರು. ಹಳೇ ಸೇನೆಯನ್ನು ರದ್ದುಮಾಡಿ, 1916ರಲ್ಲೇ ಜೆಂಡಾರ್ಮರಿ ಎಂಬ ಹೊಸ ಪಡೆ ಕಟ್ಟಿದ್ದರು. ಮೇಲಧಿಕಾರಿಗಳೆಲ್ಲ ಮರೀನ್‌ಗಳು. 1928ರಲ್ಲಿ ಅದರ ಹೆಸರು ಗಾರ್ಡ್ ಎಂದಾಯಿತು. ಪೊಲೀಸೂ ಅದೇ, ಸೇನೆಯೂ ಅದೇ, ಜೈಲೂ ಅದೇ. ಪ್ರತಿ ಹಳ್ಳಿಯ ವಿಭಾಗಕ್ಕೆ ಒಬ್ಬ ಮುಖ್ಯಸ್ಥ, ಅವನೂ ಇದೇ ಪಡೆಯ ಕೆಳಗೆ. ಸುಂಕದ ಹಣವೆಲ್ಲ ರಾಜಧಾನಿಗೆ. ಪ್ರಾಂತ್ಯದ ಬಂದರುಗಳು ಸೊರಗತೊಡಗಿದವು. ಎಲ್ಲೋ ದೂರದಲ್ಲಿ ದಂಗೆ ಎದ್ದರೆ ಟೆಲಿಫೋನಿನಲ್ಲಿ ಸುದ್ದಿ ಅರಮನೆಗೆ, ಹೊಸ ರಸ್ತೆಯಲ್ಲಿ ಲಾರಿ ತುಂಬ ಸೈನಿಕರು ಅಲ್ಲಿಗೆ. ರಸ್ತೆ ಒಳ್ಳೆಯದೇ ಅಲ್ವಾ ಅಂತ ಕೇಳಿದಿರಿ. ಕಾಫಿ ಸಾಗಿಸುವವನಿಗೆ ಒಳ್ಳೆಯದೇ. ಆದರೆ ಇನ್ನು ಮುಂದೆ ಉತ್ತರದಿಂದ ನಡೆದು ಬಂದು ಸರ್ಕಾರ ಬೀಳಿಸುವುದು ಆಗದ ಮಾತಾಯಿತು. ರಾಜಧಾನಿಯ ಮೇಲೆ ಇದ್ದ ಒಂದೇ ಒಂದು ಹಿಡಿತವನ್ನು ಹಳ್ಳಿ ಕಳೆದುಕೊಂಡಿತು, ಅದರ ಬದಲು ಮತವೂ ಸಿಗಲಿಲ್ಲ.

ಅಮೆರಿಕ ಹೊರಡಲು ಕಾರಣವಾದದ್ದು 1929. ಅಕ್ಟೋಬರ್ ಕೊನೆಯಲ್ಲಿ ದಾಮಿಯೆನ್ ಕೃಷಿ ಕಾಲೇಜಿನ ಹುಡುಗರು ವಿದ್ಯಾರ್ಥಿವೇತನ ಕಡಿತದ ವಿರುದ್ಧ ತರಗತಿ ಬಿಟ್ಟರು. ಮುಷ್ಕರ ಕಚೇರಿ, ಸುಂಕದ ಕಟ್ಟೆ, ಎಲ್ಲ ಕಡೆಗೂ ಹರಡಿತು. ಡಿಸೆಂಬರ್ 6ರಂದು ಲೆ ಕೇ ಹತ್ತಿರದ ಮಾರ್ಶಾತೇರ್‌ನಲ್ಲಿ ತೆರಿಗೆ ಮತ್ತು ಕಾಫಿ ಬೆಲೆಯ ಬಗ್ಗೆ ಸಿಟ್ಟಾಗಿ ನಡೆದು ಬಂದ ಸುಮಾರು 1,500 ರೈತರ ಮೇಲೆ ಮರೀನ್‌ಗಳು ಗುಂಡು ಹಾರಿಸಿದರು. ಸರ್ಕಾರಿ ಲೆಕ್ಕದಲ್ಲೇ 12 ಜನ ಸತ್ತರು. ಅಮೆರಿಕದ ಅಧ್ಯಕ್ಷ ಹೂವರ್ ವಿಚಾರಣಾ ಆಯೋಗ ಕಳಿಸಿದ. 1930ರಲ್ಲಿ ಚುನಾವಣೆಯಾಗಿ ಸ್ಟೆನಿಯೊ ವಿನ್ಸೆಂಟ್ ಅಧ್ಯಕ್ಷನಾದ. 1934ರ ಆಗಸ್ಟ್‌ನಲ್ಲಿ ಕೊನೆಯ ಸೈನಿಕರು ಹೊರಟರು. ಆಗ ಅಮೆರಿಕದ ಅಧ್ಯಕ್ಷ ಯಾರು? ಸಂವಿಧಾನ ಬರೆದೆ ಎಂದ ಅದೇ ರೂಸ್‌ವೆಲ್ಟ್. ಹೈಟಿ ಇದನ್ನು ಎರಡನೇ ಸ್ವಾತಂತ್ರ್ಯ ಅಂತ ಆಚರಿಸಿತು. ಖಜಾನೆ ಮೇಲಿನ ಕಣ್ಗಾವಲು ಮಾತ್ರ 1947ರವರೆಗೂ ಬೇರೆ ಬೇರೆ ರೂಪದಲ್ಲಿ ಉಳಿಯಿತು.

ಇನ್ನು ಹೋದಮೇಲಿನ ಕತೆ. ವಿನ್ಸೆಂಟ್ ಮಾಡಿದ ಮೊದಲ ಕೆಲಸಗಳಲ್ಲಿ ಒಂದು 1935ರಲ್ಲಿ ಜನಮತದ ಹೆಸರಿನಲ್ಲಿ ತನ್ನ ಅವಧಿಯನ್ನು 1941ರವರೆಗೆ ಹಿಗ್ಗಿಸಿಕೊಂಡದ್ದು. ಜನಮತ ಹೇಗೆ ನಡೆಸಬೇಕು ಅಂತ 1918 ಕಲಿಸಿಕೊಟ್ಟಿತ್ತಲ್ಲ! 1937ರ ಅಕ್ಟೋಬರ್‌ನಲ್ಲಿ ಪಕ್ಕದ ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ಟ್ರುಹಿಯೊ ಗಡಿಯಲ್ಲಿದ್ದ ಸಾವಿರಾರು ಹೈಟಿಯನ್ನರನ್ನು ಕೊಲ್ಲಿಸಿದ. ವಿನ್ಸೆಂಟ್ ಏಳೂವರೆ ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿ ಸುಮ್ಮನಾದ, ಅದರಲ್ಲೂ ಬಂದದ್ದು 5,25,000 ಮಾತ್ರ. ಈ ಟ್ರುಹಿಯೊ ಎಲ್ಲಿ ತಯಾರಾದ ಗೊತ್ತಾ? ಅದೇ ದ್ವೀಪದ ಆ ಭಾಗವನ್ನು ಅಮೆರಿಕ 1916ರಿಂದ 1924ರವರೆಗೆ ಹಿಡಿದಿಟ್ಟುಕೊಂಡಿತ್ತು. ಅಲ್ಲೂ ಹೀಗೇ ಒಂದು ಪಡೆ ಕಟ್ಟಿದರು. ಅದರಲ್ಲಿ ಮರೀನ್‌ಗಳ ಕೈಕೆಳಗೆ ತರಬೇತಾಗಿ ಮೇಲೆ ಬಂದವನೇ ಅವನು, 1930ರಲ್ಲಿ ದೇಶವನ್ನೇ ನುಂಗಿದ. ಹಾಗಾಗಿ ಇದನ್ನು ಹೈಟಿಯವರ ಸ್ವಭಾವ ಎನ್ನುವವರ ಮಾತು ನನಗೆ ಒಪ್ಪಿಗೆ ಇಲ್ಲ. ಭಾಷೆ ಬೇರೆ, ಚರಿತ್ರೆ ಬೇರೆ, ಕಟ್ಟಿದ ಯಂತ್ರ ಒಂದೇ, ಹೊರಬಂದದ್ದೂ ಒಂದೇ.

ಹೈಟಿಯಲ್ಲಿ ಇನ್ನೊಂದು ಗಾಯವೂ ಇತ್ತು, ಮೈಬಣ್ಣದ್ದು. ಶ್ರೀಮಂತ, ಫ್ರೆಂಚ್ ಮಾತಾಡುವ, ತಿಳಿ ಬಣ್ಣದ ಸಣ್ಣ ಗುಂಪಿಗೂ ಕಪ್ಪು ಬಹುಸಂಖ್ಯಾತರಿಗೂ ನಡುವೆ ಮೊದಲಿಂದಲೂ ದೂರ. ಅಮೆರಿಕನ್ನರು ಕ್ಲಬ್ಬಿನೊಳಗೆ ಯಾವ ಹೈಟಿಯನ್ನನನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ. ಆದರೂ ಕುರ್ಚಿ ಸಿಕ್ಕಿದ್ದು ತಿಳಿ ಬಣ್ಣದವರಿಗೆ: ದಾರ್ತಿಗ್ನಾವ್, ಬೊರ್ನೊ, ವಿನ್ಸೆಂಟ್, 1941ರಲ್ಲಿ ಎಲಿ ಲೆಸ್ಕೊ. ಈ ನಡುವೆ ಓದಿದ ಕಪ್ಪು ಮಧ್ಯಮವರ್ಗ ಒಂದು ಬೆಳೆದಿತ್ತು. ಮೇಷ್ಟ್ರುಗಳು, ವೈದ್ಯರು, ಗುಮಾಸ್ತರು. ಜ್ಯಾಂ ಪ್ರೈಸ್-ಮಾರ್ಸ್‌ನಂಥವರು ಆಫ್ರಿಕದ ಬೇರು, ವೂಡೂ ಎಂಬ ಜನಪದ ಧರ್ಮ, ಕ್ರಿಯೋಲ್ ಭಾಷೆಯ ಬಗ್ಗೆ ಹೆಮ್ಮೆಪಡಿ ಎಂದು 1920ರ ದಶಕದಿಂದ ಹೇಳುತ್ತಿದ್ದರು. ಆ ಮಾತು ಕೇಳಿ ಬೆಳೆದವರಲ್ಲಿ ಫ್ರಾನ್ಸ್ವಾ ಡುವಾಲಿಯೆ ಎಂಬ ಮೆತ್ತಗೆ ಮಾತಾಡುವ ವೈದ್ಯನೂ ಇದ್ದ.

ಲೆಸ್ಕೊ ಎಲ್ಲರನ್ನೂ ಎದುರು ಹಾಕಿಕೊಂಡ. ಮಂತ್ರಿಗಿರಿಯನ್ನು ಮನೆಯವರಿಗೆ, ತನ್ನ ಬಣ್ಣದವರಿಗೆ ಹಂಚಿದ. ಮಗನೇ ವಿದೇಶಾಂಗ ಮಂತ್ರಿ. ಚರ್ಚಿನ ಜೊತೆ ಸೇರಿ ವೂಡೂ ಗುಡಿಗಳನ್ನು ಒಡೆಸಿದ. ಯುದ್ಧಕಾಲದಲ್ಲಿ ರಬ್ಬರ್ ಬೇಕು ಅಂತ ಅಮೆರಿಕದ ಸಾಲದಿಂದ ಶಾಡಾ ಎಂಬ ಕಂಪನಿ ಶುರುವಾಯಿತು. ಅದಕ್ಕಾಗಿ ರೈತರನ್ನು ಎಬ್ಬಿಸಿ, ಹಣ್ಣಿನ ಮರ ಕಡಿದು, ಒಂದು ಬಳ್ಳಿ ನೆಟ್ಟರು. ರಬ್ಬರ್ ಬರಲಿಲ್ಲ. 1944ರಲ್ಲಿ ಕೈಬಿಟ್ಟರು.

1946ರ ಜನವರಿ ತಿಂಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಲಾ ರೂಶ್, ಅಂದರೆ ಜೇನುಗೂಡು, ಎಂಬ ಸಣ್ಣ ಪತ್ರಿಕೆ ಇತ್ತು. ನಡೆಸುತ್ತಿದ್ದವರು 20ರ ಆಸುಪಾಸಿನ ಹುಡುಗರು: ಕವಿ ರೆನೆ ದೆಪೆಸ್ತ್ರ್, ವೈದ್ಯಕೀಯ ಓದುತ್ತಿದ್ದ ಜಾಕ್ ಸ್ಟೀಫನ್ ಅಲೆಕ್ಸಿ, ಚಿತ್ರಕಾರ ಜೆರಾಲ್ಡ್ ಬ್ಲೊಂಕೂರ್. ಹಿಂದಿನ ಡಿಸೆಂಬರ್‌ನಲ್ಲಿ ಫ್ರೆಂಚ್ ಕವಿ ಆಂದ್ರೆ ಬ್ರೆತೊನ್ ಊರಿಗೆ ಬಂದು ಭಾಷಣ ಮಾಡಿದ್ದ. ಹೊಸ ವರ್ಷಕ್ಕೆ ಅವನ ಗೌರವಕ್ಕೆ ವಿಶೇಷ ಸಂಚಿಕೆ ತಂದರು. ಲೆಸ್ಕೊ ಪತ್ರಿಕೆ ನಿಲ್ಲಿಸಿದ, ಹುಡುಗರನ್ನು ಹಿಡಿಸಿದ. ಜನವರಿ 7ಕ್ಕೆ ವಿದ್ಯಾರ್ಥಿಗಳು ಬೀದಿಗಿಳಿದರು. ಅಂಗಡಿ ಮುಚ್ಚಿದವು, ಸರ್ಕಾರಿ ನೌಕರರು ಹೊರಬಂದರು. ಜನವರಿ 11ಕ್ಕೆ ಲೆಸ್ಕೊ ಇಲ್ಲ! ಕವಿತೆಯ ಪತ್ರಿಕೆಯೊಂದು ಸರ್ಕಾರ ಬೀಳಿಸಿತು ಅಂತ ಹೇಳುವುದು ಕೇಳಲು ಚೆಂದ. ಆದರೆ ಅಧಿಕಾರ ಯಾರ ಕೈಗೆ ಹೋಯಿತು? ಗಾರ್ಡ್‌ನ ಮೂವರು ಅಧಿಕಾರಿಗಳ ಕೈಗೆ: ಫ್ರಾಂಕ್ ಲಾವೊ, ಆಂಟ್ವಾನ್ ಲೆವೆಲ್ಟ್, ಅರಮನೆ ಕಾವಲಿನ ಮುಖ್ಯಸ್ಥ ಪಾಲ್ ಮಗ್ಲ್ವಾರ್. ಬೀದಿ ಕೂಗಿತು, ಬ್ಯಾರಕ್ ತೀರ್ಮಾನಿಸಿತು. ಇದರಲ್ಲಿ ಹಳ್ಳಿಯ ಪಾತ್ರ ಏನೂ ಇಲ್ಲ.

ಆಗಸ್ಟ್‌ನಲ್ಲಿ ಸಂಸತ್ತು ದುಮಾರ್ಸೆ ಎಸ್ಟಿಮೆಯನ್ನು ಆರಿಸಿತು. ಕಪ್ಪು ಮಧ್ಯಮವರ್ಗದ ಮಾಜಿ ಮೇಷ್ಟ್ರು. ನನ್ನ ಮಟ್ಟಿಗೆ ಈ ಕಾಲದ ಅಧ್ಯಕ್ಷರಲ್ಲಿ ಕೆಲಸದ ಮನುಷ್ಯ ಇವನೊಬ್ಬನೇ. ದೇಶದೊಳಗೇ ಸಾಲ ಎತ್ತಿ 1947ರಲ್ಲಿ ಅಮೆರಿಕದ ಸಾಲ ತೀರಿಸಿದ. ಶಾಲೆ, ಕಾರ್ಮಿಕ ಸಂಘಗಳಿಗೆ ದಾರಿ ಮಾಡಿದ. ಆದರೆ ಅವನಿಗೂ ಅವಧಿ ಹಿಗ್ಗಿಸುವ ಆಸೆ ಬಂತು. 1950ರ ಮೇ 10ಕ್ಕೆ ಅವನನ್ನು ಇಳಿಸಿದವರು ಯಾರು? ಲಾವೊ, ಲೆವೆಲ್ಟ್, ಮಗ್ಲ್ವಾರ್. ಅದೇ ಮೂವರು! ಮಗ್ಲ್ವಾರ್ ತಾನೇ ಅಧ್ಯಕ್ಷನಾದ, ಆರು ವರ್ಷ ಮೆರವಣಿಗೆ, ಪಾರ್ಟಿ ಅಂತ ಕಳೆದ. 1954ರ ಹೇಝಲ್ ಚಂಡಮಾರುತದ ಪರಿಹಾರದ ಹಣ ಸೋರಿಹೋಯಿತು. 1956ರ ಡಿಸೆಂಬರ್‌ನಲ್ಲಿ ಮುಷ್ಕರಕ್ಕೆ ಅವನೂ ದೇಶ ಬಿಟ್ಟ.

ಮುಂದಿನ ಒಂಬತ್ತು ತಿಂಗಳಲ್ಲಿ ಐದು ಸರ್ಕಾರ. 1957ರ ಮೇ ತಿಂಗಳಲ್ಲಿ ಸೇನೆಯೇ ಎರಡು ಬಣವಾಗಿ ರಾಜಧಾನಿಯಲ್ಲಿ ಗುಂಡು ಹಾರಿಸಿಕೊಂಡಿತು. ರಾಜಿಗೆ ಅಂತ ಡೇನಿಯಲ್ ಫಿನ್ಯೊಲೆಯನ್ನು ಕೂರಿಸಿದರು. ಗಣಿತದ ಮೇಷ್ಟ್ರು, ಕೊಳೆಗೇರಿಗಳ ಕಣ್ಮಣಿ. ಕರೆ ಕೊಟ್ಟರೆ ಸಾವಿರಾರು ಜನ ಬೀದಿಗೆ ಬರುತ್ತಿದ್ದರು. ಅವನಿದ್ದದ್ದು 19 ದಿನ. ಜೂನ್ 14ರ ರಾತ್ರಿ ಸಂಪುಟ ಸಭೆಯಿಂದಲೇ ಎತ್ತಿಕೊಂಡು ಹೋಗಿ ದೇಶದಾಚೆ ಕಳಿಸಿದರು. ಸಿಡಿದೆದ್ದ ಅವನ ಕೇರಿಗಳ ಮೇಲೆ ಸೈನಿಕರು ಗುಂಡಿನ ಮಳೆಗರೆದರು. ಅಧಿಕಾರ ಜನರಲ್ ಕೆಬ್ರೊ ಕೈಗೆ ಬಂತು. ಅವನು ಸೆಪ್ಟೆಂಬರ್ 22ಕ್ಕೆ ಚುನಾವಣೆ ನಡೆಸಿದ. ಹೆಂಗಸರು ಮೊದಲ ಸಲ ಅಧ್ಯಕ್ಷನಿಗೆ ಮತ ಹಾಕಿದರು. ಸೇನೆಯ ಒಲವು ಇದ್ದ ಅಭ್ಯರ್ಥಿ ಗೆದ್ದ. ಅವನೇ ಡುವಾಲಿಯೆ. ಕೈಗೊಂಬೆಯಾಗಿ ಇರುತ್ತಾನೆ ಅಂತ ಅಧಿಕಾರಿಗಳು ಅಂದುಕೊಂಡಿದ್ದರು.

ನಂಟಿನ ಪ್ರಶ್ನೆ ಕೇಳಿದಿರಿ. ಇತ್ತು, ಆದರೆ ನೇರವಾಗಿ ಕೂರಿಸಿದ್ದಲ್ಲ. 1940ರ ದಶಕದಲ್ಲಿ ಅವನು ಅಮೆರಿಕದ ಹಣದಲ್ಲಿ ನಡೆದ, ಯಾಸ್ ಎಂಬ ಚರ್ಮದ ಹುಣ್ಣಿನ ರೋಗದ ವಿರುದ್ಧದ ಆಂದೋಲನದಲ್ಲಿ ಹಳ್ಳಿ ಹಳ್ಳಿ ಸುತ್ತಿ ಚಿಕಿತ್ಸೆ ಕೊಟ್ಟವನು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನೂ ಓದಿದ. ಪಾಪಾ ಡಾಕ್, ಅಂದರೆ ಡಾಕ್ಟರಪ್ಪ, ಎಂಬ ಹೆಸರು ಆ ಕಾಲದ ಗಳಿಕೆ. ಅಂದರೆ ಎಲ್ಲ ರಾಜಕಾರಣಿಗಳೂ ಮರೆತಿದ್ದ ಹಳ್ಳಿ ಇವನಿಗೆ ಗೊತ್ತಿತ್ತು. ಅಧಿಕಾರಕ್ಕೆ ಬಂದಮೇಲೆ 1959ರಲ್ಲಿ ಮರೀನ್ ತರಬೇತಿ ತಂಡವನ್ನೇ ಕರೆಸಿಕೊಂಡ, ಬೇಡವಾದಾಗ 1963ರಲ್ಲಿ ಹೊರಗಟ್ಟಿದ. 1962ರಲ್ಲಿ ಕ್ಯೂಬಾವನ್ನು ಅಮೆರಿಕ ಖಂಡದ ದೇಶಗಳ ಸಂಘಟನೆಯಿಂದ ಹೊರಹಾಕಲು ಒಂದು ಮತ ಬೇಕಿದ್ದಾಗ, ಚೌಕಾಸಿ ಮಾಡಿ ನೆರವು ಪಡೆದು ಮತ ಹಾಕಿಸಿದ.

ಅವನಿಗೆ ಆ ಬ್ಯಾರಕ್ಕಿನ ಗುಟ್ಟು ಚೆನ್ನಾಗಿ ಗೊತ್ತಿತ್ತು. ಕೂರಿಸಿದ ಕೆಬ್ರೊನನ್ನೇ 1958ರ ಮಾರ್ಚ್‌ನಲ್ಲಿ ತೆಗೆದುಹಾಕಿದ. ಅದೇ ಜುಲೈನಲ್ಲಿ ಮೂವರು ಮಾಜಿ ಅಧಿಕಾರಿಗಳು, ಐವರು ಅಮೆರಿಕನ್ನರು, ಒಟ್ಟು ಎಂಟೇ ಜನ, ದೋಣಿಯಲ್ಲಿ ಬಂದು ಅರಮನೆಯ ಬೆನ್ನಿಗಿರುವ ದೆಸಲೀನ್ ಬ್ಯಾರಕ್ಕನ್ನು ರಾತ್ರೋರಾತ್ರಿ ಹಿಡಿದುಬಿಟ್ಟರು. ಒಳಗೆ ಇನ್ನೂರು ಜನ ಇರಬೇಕು ಅಂತ ನಂಬಿ ಡುವಾಲಿಯೆ ಹೊರಡಲು ಸಿದ್ಧನಾಗಿದ್ದ, ಸಿಗರೇಟು ತರಲು ಹೊರಗೆ ಕಳಿಸಿದವನ ಬಾಯಿಂದ ನಿಜ ಹೊರಬಿತ್ತು ಅಂತ ಜನ ಇವತ್ತಿಗೂ ಹೇಳುತ್ತಾರೆ. ಕತೆ ಇರಲಿ, ಎಂಟು ಜನ ಒಂದು ದೇಶದ ಸರ್ಕಾರವನ್ನು ಅಷ್ಟು ಹತ್ತಿರಕ್ಕೆ ಅಲುಗಾಡಿಸಿದ್ದು ನಿಜ. ಎಲ್ಲ ಶಕ್ತಿಯನ್ನೂ ಒಂದೇ ಕಟ್ಟಡದಲ್ಲಿ ಇಟ್ಟರೆ ಹೀಗೇ ಆಗುವುದು.

ಆ ರಾತ್ರಿಯಿಂದ ಅವನು ಕಲಿತ. ಭಾರಿ ಶಸ್ತ್ರಗಳನ್ನು ಅರಮನೆಯ ನೆಲಮಾಳಿಗೆಗೆ ತರಿಸಿದ. ಅಧಿಕಾರಿಗಳನ್ನು ಪದೇಪದೇ ಬದಲಿಸಿದ, 1961ರಲ್ಲಿ ಮಿಲಿಟರಿ ಅಕಾಡೆಮಿಯನ್ನೇ ಮುಚ್ಚಿಸಿದ. ಸೇನೆಗೆ ಎದುರಾಗಿ ಟೊಂಟೊನ್ ಮಕೂಟ್ ಎಂಬ ತನ್ನದೇ ಪಡೆ ಬೆಳೆಸಿದ. ಅದಕ್ಕೆ ಜನ ತಂದದ್ದು ಹಳ್ಳಿಗಳಿಂದಲೇ. ಹಳ್ಳಿಯ ಕೈಗೆ ಮತ್ತೆ ಬಂದೂಕು ಬಂತು, ಆದರೆ ಈ ಸಲ ರಾಜಧಾನಿಯ ಪರವಾಗಿ, ಅಕ್ಕಪಕ್ಕದವರ ವಿರುದ್ಧವಾಗಿ. 1961ರಲ್ಲಿ ದಡಕ್ಕೆ ಗುಟ್ಟಾಗಿ ಬಂದಿಳಿದ ಲಾ ರೂಶ್‌ನ ಅಲೆಕ್ಸಿಯನ್ನು ಡುವಾಲಿಯೆಯ ಜನ ಹಿಡಿದು ಕೊಂದರು. 1964ರಲ್ಲಿ ಡುವಾಲಿಯೆ ಆಜೀವ ಅಧ್ಯಕ್ಷನಾದ, 1971ರಲ್ಲಿ ಹಾಸಿಗೆಯಲ್ಲೇ ಸತ್ತ, 19 ವರ್ಷದ ಮಗ ಜ್ಯಾಂ-ಕ್ಲೋಡ್‌ಗೆ ದೇಶ ಬಿಟ್ಟುಹೋದ.

ಮಗ 1986ರ ಫೆಬ್ರುವರಿ 7ಕ್ಕೆ ಅಮೆರಿಕದ ವಿಮಾನ ಹತ್ತಿ ಓಡಿದಾಗ ಅಧಿಕಾರ ಹಿಡಿದದ್ದು ಮತ್ತೆ ಸೇನೆ. 1991ರ ಸೆಪ್ಟೆಂಬರ್‌ನಲ್ಲಿ ಜನ ಆರಿಸಿದ್ದ ಅಧ್ಯಕ್ಷ ಅರಿಸ್ಟಿಡ್‌ನನ್ನು ಇಳಿಸಿದ್ದೂ ಅದೇ. 1994ರಲ್ಲಿ ಅಮೆರಿಕದ ಸುಮಾರು 20,000 ಸೈನಿಕರು ಬಂದು ಅವನನ್ನು ಮರಳಿ ಕೂರಿಸಿದರು. ಮರುವರ್ಷ ಅವನು ಸೇನೆಯನ್ನೇ ರದ್ದುಮಾಡಿದ. ಆ ಸೇನೆಯ ಬುಡ 1916ರಲ್ಲಿ ಮರೀನ್‌ಗಳು ಕಟ್ಟಿದ ಜೆಂಡಾರ್ಮರಿ. ಅದರ ಇಡೀ ಆಯಸ್ಸಿನಲ್ಲಿ ಹೊರಗಿನ ಶತ್ರುವಿನ ಜೊತೆ ಅದು ಒಂದು ಯುದ್ಧವನ್ನೂ ಮಾಡಲಿಲ್ಲ. ಈಗಿನ ಗ್ಯಾಂಗ್‌ಗಳ ಹಾವಳಿಯನ್ನೂ ಇದಕ್ಕೇ ಗಂಟುಹಾಕುವುದು ಸರಿಯಲ್ಲ, ಅದಕ್ಕೆ ಅದರದೇ ಕಾರಣಗಳಿವೆ, ಅದು ಬೇರೆ ಪ್ರಶ್ನೆ.